ಆಷಾಢದಲ್ಲಿ ಮೂರು ಕಾರುಗಳು

ಮೈಸೂರಿನಿಂದ ದಕ್ಷಿಣಕ್ಕೆ ಹೊರಟ ಹೆದ್ದಾರಿ ನಂಜನಗೂಡಿನಲ್ಲಿ ಕಪಿಲೆಯನ್ನು ದಾಟಿ, ಬೇಗೂರಿನ ಮೇಲೆ ಹಾದು, ಸುಮಾರು 60 ಕಿಲೋಮೀಟರಿಗೆ ಗುಂಡ್ಲುಪೇಟೆಯನ್ನು ಮುಟ್ಟುತ್ತದೆ. ಅಲ್ಲಿ ಅದು ಕವಲೊಡೆಯುತ್ತದೆ. ಒಂದು ಕವಲು ಬಂಡೀಪುರದ ಕಾಡಿನ ನಡುವೆ ಉದಕಮಂಡಲದ ಕಡೆಗೆ. ಇನ್ನೊಂದು ಮದ್ದೂರಿನ ಕಾಡನ್ನು ಹಾದು ಕೇರಳದ ಸುಲ್ತಾನ್ ಬತ್ತೇರಿಗೆ. ಪೂರ್ವಕ್ಕೆ ಹೊರಳುವ ಮೂರನೆಯ ದಾರಿಯೊಂದುಂಟು. ಅದು ತೆರಕಣಾಂಬಿಯ ಮೂಲಕ ಜಿಲ್ಲೆಯ ಮುಖ್ಯಪಟ್ಟಣವಾದ ಚಾಮರಾಜನಗರಕ್ಕೆ. ರಜೆ ಬಂದಿತೆಂದರೆ ಬೆಂಗಳೂರಿನ ಅರ್ಧ ಐಶ್ವರ್ಯ ಈ ಕವಲಿನಲ್ಲಿ ಕಾಫಿಗೆ ನಿಲ್ಲುತ್ತದೆ. ಎಂತೆಂಥ ಕಾರುಗಳಿವೆ ಎಂಬುದನ್ನು ನೋಡಬಯಸುವವರು ಭಾನುವಾರ ಬೆಳಗ್ಗೆ ಇಲ್ಲಿ ಒಂದು ಗಂಟೆ ನಿಂತರೆ ಸಾಕು, ಚೀಟಿಯಿಲ್ಲದ ವಸ್ತುಪ್ರದರ್ಶನ.

ಹಾಗೆ ನಿಂತು ನೋಡಿ ನೋಡಿಯೇ ಇರಬೇಕು, ನನ್ನ ಭಾವನಿಗೆ ಅಂಥದೊಂದು ಕಾರು ಕೊಳ್ಳುವ ಸಂಕಲ್ಪ ಹುಟ್ಟಿದ್ದು. ಭಾವ ಎಂದರೆ ನನ್ನ ಹೆಂಡತಿಯ ಅಣ್ಣ. ಗುಂಡ್ಲುಪೇಟೆಯ ಸಮೀಪದಲ್ಲಿ ಅರಿಸಿನ, ಬಾಳೆ ಬೆಳೆಯುವ ರೈತ. ಹಣ ಬಂದದ್ದು ಮಾತ್ರ ಅರಿಸಿನದಿಂದಲ್ಲ, ಹೆದ್ದಾರಿಯ ಪಕ್ಕದಲ್ಲಿದ್ದ ಒಂದೂವರೆ ಎಕರೆ ಜಮೀನನ್ನು ಮಾರಿದ್ದರಿಂದ. ಆ ಜಮೀನು ನಮ್ಮ ಅತ್ತೆಯವರಿಗೆ ಅವರ ತವರಿನವರು ಅರಿಸಿನ ಕುಂಕುಮಕ್ಕೆಂದು ಕೊಟ್ಟದ್ದು. ಕ್ರಯಪತ್ರಕ್ಕೆ ರುಜು ಹಾಕಿದವರೂ ಅವರೇ. ಹಣವೆಲ್ಲ ಬ್ಯಾಂಕಿನಲ್ಲಿರಲಿ ಎಂಬುದು ಭಾವನ ಹೆಂಡತಿಯ ಪಕ್ಷ. ಭಾವನ ವಾದ ಬೇರೆ. ಅಮ್ಮನಿಗೆ ಎಂಬತ್ತೊಂದು. ಎರಡು ಮೊಳಕಾಲಿಗೂ ಶಸ್ತ್ರಚಿಕಿತ್ಸೆಯಾಗಿದೆ. ಮನೆಯಲ್ಲಿರುವುದು ಎತ್ತರದ, ಜೀಪಿನ ಜಾತಿಯ ವಾಹನ. ಅದನ್ನು ಹತ್ತಬೇಕಾದರೆ ಕೆಳಗೊಂದು ಮರದ ಸ್ಟೂಲು ಇಡಬೇಕು, ಒಬ್ಬರು ತೋಳು ಹಿಡಿಯಬೇಕು, ಇನ್ನೊಬ್ಬರು ಬೆನ್ನಿಗೆ ಕೈ ಕೊಡಬೇಕು. "ಸ್ಟೂಲು ಹಾಕಿ ಹತ್ತಿಸೋ ಹೆಂಗಸು ನಾಲ್ಕು ಜನದ ಎದುರು ಯಾಕೆ ಹೋಗ್ಬೇಕು?" ಎಂದು ಅತ್ತೆಯವರು ತಿಂಗಳಿಗೊಮ್ಮೆ ಮೈಸೂರಿನ ವೈದ್ಯರಲ್ಲಿಗೆ ಹೋಗುವುದೊಂದನ್ನು ಬಿಟ್ಟು ಉಳಿದ ಪ್ರಯಾಣಗಳನ್ನೆಲ್ಲ ನಿಲ್ಲಿಸಿಬಿಟ್ಟಿದ್ದರು. ಮೊಮ್ಮಗಳ ಮದುವೆಗೂ ಹೋಗಲಿಲ್ಲ.

ಆದ್ದರಿಂದಲೇ ಸೆಡಾನು. ನಾಲ್ಕು ಬಾಗಿಲು, ತಗ್ಗಿದ ಮೈ, ಹಿಂದೆ ಪ್ರತ್ಯೇಕವಾಗಿ ಮುಚ್ಚುವ ಡಿಕ್ಕಿ. ಹಿಂದೆ ಕಾರೆಂದರೆ ಇದೇ ಆಕಾರ. ಈಗ ಎತ್ತರದ ವಾಹನಗಳ ಭರಾಟೆಯಲ್ಲಿ ಇದರ ಸಂತತಿ ಕಡಿಮೆಯಾಗಿದೆಯಾದರೂ, ಬೆಲೆಯ ಮೇಲ್ತುದಿಯಲ್ಲಿ ಇನ್ನೂ ಆಯ್ಕೆಗೆ ಕೊರತೆಯಿಲ್ಲ. 2024ನೆಯ ಇಸವಿಯೊಂದರಲ್ಲೇ ಮೂರು ಹೊಸ ಮಾದರಿಗಳು ಭಾರತದ ಮಾರುಕಟ್ಟೆಗೆ ಬಂದವು. ಜುಲೈಯಲ್ಲಿ ಬಿಎಂಡಬ್ಲ್ಯು ಐದನೆಯ ಸರಣಿಯ ಉದ್ದನೆಯ ಕಾರು, 72.9 ಲಕ್ಷಕ್ಕೆ, ಅಕ್ಟೋಬರಿನಲ್ಲಿ ಮರ್ಸಿಡಿಸ್ ಬೆಂಜ್ ಸಂಸ್ಥೆಯ ಇ ಕ್ಲಾಸ್, 78.5 ಲಕ್ಷಕ್ಕೆ, ಡಿಸೆಂಬರಿನಲ್ಲಿ ಟೊಯೋಟಾ ಕ್ಯಾಮ್ರಿ, 48 ಲಕ್ಷಕ್ಕೆ. ಮೊದಲನೆಯದು ಚೆನ್ನೈಯಲ್ಲಿ, ಎರಡನೆಯದು ಪುಣೆಯ ಹತ್ತಿರದ ಚಾಕಣದಲ್ಲಿ, ಮೂರನೆಯದು ನಮ್ಮದೇ ಬಿಡದಿಯಲ್ಲಿ ಜೋಡಣೆಯಾಗುತ್ತವೆ. ಇವು ಅಂದಿನ ಮಳಿಗೆಯ ಬೆಲೆಗಳು. ಅದರ ಮೇಲೆ, 20 ಲಕ್ಷ ಮೀರಿದ ಕಾರಿಗೆ ಕರ್ನಾಟಕದಲ್ಲಿ ಶೇಕಡಾ 18ರ ಆಜೀವ ತೆರಿಗೆ. ಆ ತೆರಿಗೆಯ ಮೇಲೊಂದು ಸೆಸ್ಸು. 50 ಲಕ್ಷದ ಕಾರಿಗೆ ತೆರಿಗೆಯೊಂದೇ 9 ಲಕ್ಷವಾಯಿತು. ಗುಂಡ್ಲುಪೇಟೆಯಲ್ಲಿ ಆ ತೆರಿಗೆಯ ಹಣಕ್ಕೇ ಒಳ್ಳೆಯ ಟ್ರಾಕ್ಟರೊಂದು ಬರುತ್ತದೆ ಎಂದು ಭಾವನ ಹೆಂಡತಿ ನೆನಪಿಸದೆ ಇರಲಿಲ್ಲ.

ನಾವು ಓಡಿಸಿ ನೋಡಿದ ಮೂರು ಕಾರುಗಳ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಮೇಲೆ ಹೆಸರಿಸಿದವೇ ಅವು ಎಂದು ವಾಚಕರು ಊಹಿಸಬೇಕಾಗಿಯೂ ಇಲ್ಲ. ಬಣ್ಣದಿಂದ ಗುರುತಿಸಿದರೆ ಸಾಕು: ಬಿಳಿಯದು, ನೀಲಿಯದು, ಬೂದುಬಣ್ಣದ್ದು.

ಈ ದರ್ಜೆಯ ಕಾರು ಬೇಕಾದವರು ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು. ಅಲ್ಲಿನ ಮಳಿಗೆಗಳಲ್ಲಿ ನೆಲ ಕನ್ನಡಿಯಂತೆ. ದೀಪಗಳ ಬೆಳಕಿನಲ್ಲಿ ಪ್ರತಿಯೊಂದು ಕಾರೂ ಮದುಮಗಳು. ಟೆಸ್ಟ್ ಡ್ರೈವ್ ಎಂದರೆ ನುಣುಪಾದ ವರ್ತುಲ ರಸ್ತೆಯಲ್ಲಿ ಐದಾರು ಕಿಲೋಮೀಟರ್ ಹೋಗಿ ಬರುವುದು. ಕೊಳ್ಳುವಾತ ಚಕ್ರ ಹಿಡಿಯುತ್ತಾನೆ. ಪಕ್ಕದಲ್ಲಿ ಮಾರುವಾತ ಕುಳಿತು ಗುಂಡಿಗಳ ಮಹಿಮೆಯನ್ನು ವರ್ಣಿಸುತ್ತಾನೆ. ಹಿಂದಿನ ಆಸನ ಖಾಲಿ. ಇಷ್ಟರ ಮೇಲೆ ಅರ್ಧ ಕೋಟಿ ರೂಪಾಯಿನ ನಿರ್ಧಾರ. ಹೆಣ್ಣು ನೋಡುವ ಶಾಸ್ತ್ರಕ್ಕೂ ನಮ್ಮವರು ಇದಕ್ಕಿಂತ ಹೆಚ್ಚು ಹೊತ್ತು ಕೊಡುತ್ತಾರೆ.

ಭಾವ ಕಾದದ್ದು ಆಷಾಢಕ್ಕೆ. ಆಷಾಢದಲ್ಲಿ ಹೊಸ ವಾಹನವನ್ನು ಯಾರೂ ಮನೆಗೆ ತರುವುದಿಲ್ಲ. ಮಳಿಗೆಗಳಲ್ಲಿ ಮಾರಾಟಗಾರರು ಕೈಕಟ್ಟಿ ಕುಳಿತಿರುತ್ತಾರೆ. ಅಂಥ ತಿಂಗಳಿನಲ್ಲಿ ಬರಿದೇ ನೋಡುವವನಿಗೂ ಮರ್ಯಾದೆ ಹೆಚ್ಚು. "ಕಾರನ್ನು ನಮ್ಮೂರಿಗೆ ತನ್ನಿ, ನಮ್ಮ ರಸ್ತೆಯಲ್ಲಿ ಓಡಿಸಿ ನೋಡುತ್ತೇವೆ" ಎಂದು ಭಾವ ಫೋನು ಮಾಡಿದಾಗ ಮೂರು ಕಡೆಯವರೂ ಒಪ್ಪಿದರು. ಒಂದೇ ವಾರದಲ್ಲಿ ಮೂರು ಬೇರೆ ಬೇರೆ ದಿನ, ಒಂದೊಂದು ಕಾರು ಒಬ್ಬೊಬ್ಬ ಟೈ ಕಟ್ಟಿದ ತರುಣನೊಂದಿಗೆ ಬಂದು ಅಂಗಳದಲ್ಲಿ ನಿಂತಿತು.

ಪರೀಕ್ಷೆಯ ಕ್ರಮವನ್ನು ಭಾವ ಮೊದಲೇ ಗೊತ್ತುಮಾಡಿದ್ದ. ಮೂರಕ್ಕೂ ಒಂದೇ ದಾರಿ: ಮನೆಯಿಂದ ಹಂಗಳದ ಮೇಲೆ ಬಂಡೀಪುರ, ಹಿಂದಿರುಗಿ ತೆರಕಣಾಂಬಿಯ ಮೂಲಕ ಚಾಮರಾಜನಗರ, ಮತ್ತೆ ಮನೆ, ಒಟ್ಟು 110 ಕಿಲೋಮೀಟರಿನಷ್ಟು. ಮೂರಕ್ಕೂ ಒಂದೇ ಭಾರ: ಮುಂದೆ ಭಾವ ಮತ್ತು ಮಾರಾಟದ ತರುಣ, ಹಿಂದೆ ಅತ್ತೆಯವರು, ನನ್ನ ಹೆಂಡತಿ, ನಾನು, ಡಿಕ್ಕಿಯಲ್ಲಿ ಎರಡು ಚೀಲ, ಒಂದು ಬಾಳೆಗೊನೆ. ಬಾಳೆಗೊನೆಯನ್ನು ಕಂಡು ಬಿಳಿ ಕಾರಿನ ತರುಣ ಸ್ವಲ್ಪ ಗಾಬರಿಯಾದ. ಭಾವ ಒಂದು ಹಳೆಯ ಕಂಬಳಿಯನ್ನು ಹಾಸಿ ಅವನನ್ನು ಸಮಾಧಾನಪಡಿಸಿದ.

ಹೊರಡುವ ಮೊದಲೇ ಒಂದು ಪರೀಕ್ಷೆ ನಡೆದುಹೋಗುತ್ತಿತ್ತು. ಅತ್ತೆಯವರು ಒಳಗೆ ಕೂರುವುದು. ಈ ವಿಷಯದಲ್ಲಿ ಅವರಿಗೊಂದು ಮಾನದಂಡವುಂಟು. ನಮ್ಮ ಮಾವನವರಿಗೆ ಹಿಂದೆ ಒಂದು ಅಂಬಾಸಡರ್ ಇತ್ತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ಹುಟ್ಟಿ, ಬಂಗಾಳದ ಉತ್ತರಪಾಡಾದಲ್ಲಿ ಬೆಳೆದು, 2014ರಲ್ಲಿ ನಿಂತುಹೋದ ಆ ಕಾರನ್ನು ಇಂದಿನವರು ನಗೆಯಾಡಬಹುದು. ಅದರ ಕಾಲದಲ್ಲಿ ಆಯ್ಕೆ ಎಂಬುದೇ ಇರಲಿಲ್ಲ. ಅಂಬಾಸಡರ್, ಮುಂಬಯಿಯ ಫಿಯಟ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್, ಇಷ್ಟೇ ಲೋಕ. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಓಡಿಸಿ ನೋಡುತ್ತೇನೆ ಎಂದವನನ್ನು ಹುಚ್ಚನೆನ್ನುತ್ತಿದ್ದರು. ಆದರೆ ಅದರ ಹಿಂದಿನ ಆಸನ ಮನೆಯ ಜಗಲಿಯ ಎತ್ತರಕ್ಕಿತ್ತು. ಸೀರೆಯುಟ್ಟ ಹೆಂಗಸು ಬೆನ್ನು ತಿರುಗಿಸಿ, ಕುಳಿತು, ಕಾಲನ್ನು ಒಳಗೆಳೆದುಕೊಂಡರೆ ಮುಗಿಯಿತು. ಮೊಳಕಾಲಿಗಿಂತ ಆಸನ ಕೆಳಗಿದ್ದರೆ ಕೂರುವಾಗ ದೇಹ ಬೀಳುತ್ತದೆ. ಏಳುವಾಗ ದೇಹದ ಭಾರವನ್ನೆಲ್ಲ ಮೊಳಕಾಲೇ ಎತ್ತಬೇಕು. ಮೊಳಕಾಲಿನ ಎತ್ತರಕ್ಕೆ ಆಸನವಿದ್ದರೆ ಈ ಎರಡು ಕಷ್ಟವೂ ಇಲ್ಲ. ಎತ್ತರದ ವಾಹನಗಳು ಒಂದು ತುದಿಗೆ ಹೋದರೆ ಹೊಸ ಸೆಡಾನುಗಳು ಇನ್ನೊಂದು ತುದಿಗೆ ಹೋಗಿವೆ. ಗಾಳಿಯನ್ನು ಸೀಳಿ ಓಡುವುದಕ್ಕೂ ಕಣ್ಣಿಗೆ ಅಂದವಾಗಿ ಕಾಣುವುದಕ್ಕೂ ಚಾವಣಿ ತಗ್ಗಬೇಕು. ಚಾವಣಿಯ ಜೊತೆಗೆ ಆಸನವೂ ತಗ್ಗುತ್ತದೆ.

ಬಿಳಿ ಕಾರಿನಲ್ಲಿ ಅತ್ತೆಯವರು ಕುಳಿತದ್ದು ಸುಲಭವಾಗಿಯೇ. ಕುಳಿತ ಮೇಲೆ ಸುತ್ತಲೂ ನೋಡಿ, "ಬಾವಿಗೆ ಇಳಿದ ಹಾಗಾಯ್ತು ಕಣಪ್ಪ. ಮೇಲೆ ಯಾರು ಸೇದುತ್ತೀರಿ?" ಎಂದರು. ಅವರ ಮುಂದೆ ಮೊಳಕಾಲು ಚಾಚಲು ಬೇಕಾದಷ್ಟು ಜಾಗ. ಆ ಕಾರಿನ ಬೆಲೆಯಲ್ಲಿ ಬಹುಪಾಲು ಈ ಜಾಗಕ್ಕೇ ತೆರುವುದು. ಆದರೆ ಅತ್ತೆಯವರು ಐದಡಿಗೂ ಕಡಿಮೆಯ ಆಸಾಮಿ. ಆಸನ ಅಷ್ಟು ಆಳ. ಬೆನ್ನು ಒರಗಿದರೆ ಪಾದ ನೆಲಕ್ಕೆ ತಾಗದು, ಪಾದ ಊರಿದರೆ ಬೆನ್ನಿಗೆ ಆಸರೆಯಿಲ್ಲ. ಆರಡಿಯ ಅಧಿಕಾರಿಗಳನ್ನು ಮನಸ್ಸಿನಲ್ಲಿಟ್ಟು ಹೊಲಿದ ಅಂಗಿ ಅದು.

"ಮಗಾ, ನಿಮ್ಮಮ್ಮನ್ನ ಇದರಲ್ಲಿ ಕೂರಿಸಿದ್ದೀಯಾ?" ಎಂದು ಅತ್ತೆಯವರು ಮುಂದಿನ ಸೀಟಿನ ತರುಣನನ್ನು ಕೇಳಿದರು. "ಇಲ್ಲ ಅಜ್ಜಿ, ಇದು ಷೋರೂಮಿನ ಗಾಡಿ" ಎಂದ ಆತ. ಆಮೇಲೆ ಸುಮಾರು ದೂರ ಗುಂಡಿಗಳ ವಿಚಾರ ಎತ್ತಲಿಲ್ಲ.

ಗುಂಡ್ಲುಪೇಟೆಯನ್ನು ದಾಟಿದೊಡನೆ ಬಯಲು ತೆರೆಯುತ್ತದೆ. ಆಷಾಢದ ಮೋಡ ಕೆಳಗೆ, ಸೂರ್ಯಕಾಂತಿ ಚೆಂಡುಹೂಗಳ ಹಳದಿ ಕೆಂಪು ಪಟ್ಟಿಗಳು ರಸ್ತೆಯ ಎರಡು ಕಡೆಗೂ. ಚೆಂಡುಹೂವಿನಿಂದ ಬಣ್ಣ ತೆಗೆಯುತ್ತಾರೆ. ಓಣಂ ಹತ್ತಿರವಾದಂತೆ ಕೇರಳದ ವ್ಯಾಪಾರಿಗಳೂ ಬರುತ್ತಾರೆ. ಪ್ರವಾಸಿಗಳು ಹೊಲಕ್ಕಿಳಿದು ಚಿತ್ರ ತೆಗೆಸಿಕೊಳ್ಳುತ್ತಾರೆ. ಕೆಲವು ಕಡೆ ಅದಕ್ಕೂ ರೈತ ಕಾಸು ಕೇಳುತ್ತಾನೆ. ಕೇಳಲಿ, ಹೂವಿನ ಬೆಲೆ ಬಿದ್ದ ವರ್ಷ ಚಿತ್ರ ತೆಗೆದವರು ಯಾರೂ ತಿರುಗಿ ಬಂದು ನಷ್ಟ ತುಂಬಿಕೊಡುವುದಿಲ್ಲ.

ಹಂಗಳದ ರಸ್ತೆಯುಬ್ಬಿನ ಮೇಲೆ ಬಿಳಿ ಕಾರಿನ ಹೊಟ್ಟೆ ಸವರಿತು. ಬಾಗಿಲಿನೊಳಗೆ ಕುಳಿತವರಿಗೆ ಆ ಸದ್ದು ನೆಲದಿಂದಲ್ಲ, ತಮ್ಮ ಜೇಬಿನಿಂದ ಬಂದಂತೆ ಕೇಳಿಸುತ್ತದೆ. ತರುಣ, "ಸ್ವಲ್ಪ ಓರೆಯಾಗಿ ಹತ್ತಿಸಬೇಕು ಸಾರ್" ಎಂದ. ಮುಂದಿನ ಉಬ್ಬನ್ನು ಭಾವ ಓರೆಯಾಗಿಯೇ ಹತ್ತಿಸಿದ, ಆಗಲೂ ತಾಗಿತು. ಇದು ಆ ಒಂದು ಕಾರಿನ ದೋಷವೆನ್ನುವುದಕ್ಕಿಂತ ಲೆಕ್ಕದ ಮಾತು. ಹಿಂದಿನ ಆಸನದವರಿಗೆ ಕಾಲು ಚಾಚಲು ಜಾಗ ಬೇಕೆಂದು ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ದೂರವನ್ನು ಹೆಚ್ಚಿಸುತ್ತಾರೆ. ನಾನು ಮೇಲೆ ಹೇಳಿದ ಎರಡು ಜರ್ಮನ್ ಮಾದರಿಗಳಲ್ಲಿ ಅದು ಮೂರು ಮೀಟರನ್ನು ಮೀರುತ್ತದೆ; ಒಂದರಲ್ಲಿ 3105 ಮಿಲಿಮೀಟರ್, ಇನ್ನೊಂದರಲ್ಲಿ 3094. ಕ್ಯಾಮ್ರಿಯಲ್ಲಿ 2825. ಗಾಲಿಗಳು ದೂರವಾದಷ್ಟೂ ಉಬ್ಬಿನ ನೆತ್ತಿ ಅವುಗಳ ನಡುವೆ ಸಿಕ್ಕಿ ಕಾರಿನ ಹೊಟ್ಟೆಯನ್ನು ಮುಟ್ಟುವ ಸಂಭವ ಹೆಚ್ಚು. ಸೂಚೀಪತ್ರದಲ್ಲಿ ನೆಲಕ್ಕೂ ಕಾರಿಗೂ ಇರುವ ಅಂತರವನ್ನು ಕೊಟ್ಟಿರುತ್ತಾರೆ. ಆದರೆ ಐದು ಜನ, ಎರಡು ಚೀಲ, ಒಂದು ಬಾಳೆಗೊನೆ ಸೇರಿದ ಮೇಲೆ ಸ್ಪ್ರಿಂಗು ಎಷ್ಟು ಕುಗ್ಗುತ್ತದೆ ಎಂಬುದನ್ನು ಕೊಡುವುದಿಲ್ಲ. ಹಿಂದೆ ಕೂರುವವರ ಸುಖಕ್ಕಾಗಿ ಉದ್ದವಾದ ಕಾರು, ಹಿಂದೆ ಜನ ಕೂತಾಗಲೇ ಹಳ್ಳಿಯ ಉಬ್ಬಿಗೆ ಅಂಜುತ್ತದೆ. ನಂಜನಗೂಡಿನಿಂದ ಈಚೆಗೆ ಉಬ್ಬಿಲ್ಲದ ಊರಿಲ್ಲ.

ನೀಲಿ ಕಾರು ಅದೇ ಉಬ್ಬನ್ನು ತಾಗದೆ ದಾಟಿತು. ಆದರೆ ದಾಟಿದ್ದು ಎಲ್ಲರ ಬೆನ್ನಿಗೂ ತಿಳಿಯಿತು. ಗಡುಸಾದ ಸ್ಪ್ರಿಂಗು, ಗಡುಸಾದ ಟೈರು. ಚಾಲಕನಿಗೆ ರಸ್ತೆಯ ಸುದ್ದಿಯನ್ನೆಲ್ಲ ಮುಟ್ಟಿಸುವ ಕಾರು ಅದು. ಸುದ್ದಿ ಹಿಂದಿನ ಆಸನಕ್ಕೂ ಮುಟ್ಟುತ್ತಿತ್ತು. ಅದರ ಇನ್ನೊಂದು ಚಮತ್ಕಾರವನ್ನು ಪೇಟೆಯಲ್ಲೇ ಕಂಡಿದ್ದೆವು. ಎದುರಿಗೆ ಏನಾದರೂ ಅಡ್ಡ ಬಂದರೆ ತಾನಾಗಿ ಬ್ರೇಕು ಹಾಕುವ ಕಣ್ಣು ಅದಕ್ಕಿದೆ. ಗುಂಡ್ಲುಪೇಟೆಯ ಪೇಟೆಯಲ್ಲಿ ಅಡ್ಡ ಬರದ ಪದಾರ್ಥವೇ ಇಲ್ಲ. ತಳ್ಳುಗಾಡಿ, ಆಟೋ, ಟ್ರಾಕ್ಟರು, ಯಾರ ಮಾತಿಗೂ ಸರಿಯದ ಒಂದು ಹಸು. ಕಾರು ಎರಡು ಸಲ ತಟಕ್ಕನೆ ನಿಂತಿತು; ಎರಡನೆಯ ಸಲ ಅತ್ತೆಯವರು, "ಯಾರಪ್ಪ ಬ್ರೇಕು ಹಾಕಿದ್ದು?" ಎಂದು ಕೇಳಿದರು. ಯಾರೂ ಹಾಕಿರಲಿಲ್ಲ. ಹೆದ್ದಾರಿಯಲ್ಲಿ ಪ್ರಾಣ ಉಳಿಸಬಲ್ಲ ಉಪಕರಣವದು, ಹಗುರವಾಗಿ ಕಾಣಬಾರದು. ಸಂತೆಯ ದಾರಿಗೆ ಇನ್ನಷ್ಟು ಪಾಠವಾಗಬೇಕು.

ಹಂಗಳದಿಂದ ಬಲಕ್ಕೆ ಹೋದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. 1454 ಮೀಟರ್ ಎತ್ತರ. ನೀಲಿ ಕಾರಿನ ತರುಣ, "ಬೆಟ್ಟ ಹತ್ತಿಸಿ ನೋಡಿ ಸಾರ್, ಆಗ ಎಂಜಿನಿನ ಶಕ್ತಿ ತಿಳಿಯುತ್ತದೆ" ಎಂದು ಉತ್ಸಾಹಪಟ್ಟ. ಆ ಬೆಟ್ಟಕ್ಕೆ ಖಾಸಗಿ ವಾಹನಗಳನ್ನು ಬಿಡುವುದಿಲ್ಲ ಎಂದು ಭಾವ ಅವನಿಗೆ ತಿಳಿಸಿದ. ಎಂತಹ ಕಾರನ್ನು ತಂದವರೂ ಅದನ್ನು ಬುಡದಲ್ಲಿ ನಿಲ್ಲಿಸಿ ಸರ್ಕಾರಿ ಬಸ್ಸನ್ನೇ ಹತ್ತಬೇಕು.

ಮೇಲುಕಾಮನಹಳ್ಳಿ ದಾಟಿದರೆ ಕಾಡು. 1931ರಲ್ಲಿ ಮೈಸೂರು ಸಂಸ್ಥಾನ ಇಲ್ಲಿ ಸಣ್ಣದೊಂದು ಅಭಯಾರಣ್ಯವನ್ನು ಸ್ಥಾಪಿಸಿತು. 1941ರಲ್ಲಿ ಅದು ವೇಣುಗೋಪಾಲ ವನ್ಯಮೃಗ ವನವಾಗಿ ಬೆಳೆಯಿತು. 1973ರಲ್ಲಿ ಹುಲಿ ಯೋಜನೆಗೆ ಸೇರಿತು. ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಈ ರಸ್ತೆ ಮುಚ್ಚಿರುತ್ತದೆ. ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುವುದನ್ನು ತಡೆಯಲು 2009ರಲ್ಲಿ ಬಂದ ಈ ಕಟ್ಟಳೆಯನ್ನು ಮರುವರ್ಷ ಹೈಕೋರ್ಟು ಎತ್ತಿಹಿಡಿಯಿತು. ಹಗಲು ಹೋಗುವವರೂ ದಾರಿಯಲ್ಲಿ ನಿಲ್ಲಿಸಕೂಡದು, ಇಳಿಯಕೂಡದು.

ಬೂದುಬಣ್ಣದ ಕಾರು ತನ್ನ ಗುಣವನ್ನು ತೋರಿಸಿದ್ದು ಇಲ್ಲಿ. ಅದರಲ್ಲಿ ಪೆಟ್ರೋಲ್ ಎಂಜಿನಿನ ಜೊತೆಗೆ ಬ್ಯಾಟರಿಯೂ ವಿದ್ಯುತ್ ಮೋಟಾರೂ ಇವೆ. ನಿಧಾನವಾಗಿ ಹೋಗುವಾಗ ಎಂಜಿನು ತಾನೇ ನಿಂತು ಕಾರು ವಿದ್ಯುತ್ತಿನಿಂದ ಸಾಗುತ್ತದೆ. ಬ್ರೇಕು ಹಾಕಿದಾಗ ವ್ಯರ್ಥವಾಗುವ ಶಕ್ತಿಯಲ್ಲಿ ಒಂದು ಪಾಲು ಬ್ಯಾಟರಿಗೆ ಹಿಂತಿರುಗುತ್ತದೆ. ಕಾಡಿನ ದಾರಿಯಲ್ಲಿ ಸಾಲುಸಾಲಾಗಿ ಉಬ್ಬುಗಳಿರುವುದರಿಂದ ಯಾರೂ ವೇಗವಾಗಿ ಹೋಗುವಂತಿಲ್ಲ. ಹಾಗಾಗಿ ನಾವು ಬಹುದೂರ ಎಂಜಿನಿನ ಸದ್ದಿಲ್ಲದೆ ಸಾಗಿದೆವು. ಒದ್ದೆ ಎಲೆಯ ಮೇಲೆ ಗಾಲಿಯುರುಳುವ ಸದ್ದು, ಎಲ್ಲೋ ನವಿಲಿನ ಕೂಗು. ಒಂದು ತಿರುವಿನಲ್ಲಿ ಎಡಗಡೆಯ ಲಂಟಾನದ ಪೊದೆಗಳ ನಡುವೆ ಮೂರು ಆನೆಗಳು, ಅವುಗಳಲ್ಲಿ ಒಂದು ಮರಿ. ಭಾವ ವೇಗವನ್ನು ತಗ್ಗಿಸಿ, ನಿಲ್ಲಿಸದೆ, ಹಾದುಹೋದ. ತಾಯಿಯಾನೆ ಕಿವಿ ಬೀಸಿತೇ ಹೊರತು ತಲೆ ಎತ್ತಲಿಲ್ಲ. ಅತ್ತೆಯವರು ಕೈಮುಗಿದರು. ಅವರು ಈ ಕಾಡಿನೊಳಕ್ಕೆ ಬಂದು ಹನ್ನೊಂದು ವರ್ಷವಾಗಿತ್ತಂತೆ. ಮನೆಯಿಂದ ಇಪ್ಪತ್ತು ಕಿಲೋಮೀಟರೂ ಇಲ್ಲ.

ಆನೆ ಕಂಡ ಮೇಲೆ ನನಗೊಂದು ಲೌಕಿಕ ಪ್ರಶ್ನೆ ಹುಟ್ಟಿತು: ಇಲ್ಲಿ ಟೈರು ಪಂಕ್ಚರಾದರೆ? ದೊಡ್ಡ ಬೆಲೆಯ ಕಾರು ಕೊಳ್ಳುವವರು ಕೇಳಲು ಮರೆಯುವ ಮೊದಲ ಪ್ರಶ್ನೆಯಿದು. ಕೆಲವು ತಯಾರಕರು ಹೆಚ್ಚಿನ ಟೈರನ್ನೇ ಕೊಡುವುದಿಲ್ಲ. ಅದರ ಬದಲು ಗಾಳಿ ಹೋದರೂ ಓಡುವ, ಗಟ್ಟಿ ಪಕ್ಕೆಯ ಟೈರುಗಳನ್ನು ಹಾಕಿರುತ್ತಾರೆ. ಅವು ಸಾಮಾನ್ಯವಾಗಿ 80 ಕಿಲೋಮೀಟರ್ ವೇಗ ಮೀರದಂತೆ 80 ಕಿಲೋಮೀಟರಿನಷ್ಟು ದೂರ ಒಯ್ಯುತ್ತವೆ. ಕಾಡಿನಲ್ಲಿ ಇಳಿಯದೆ ಊರು ಸೇರಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಆ ಗಟ್ಟಿ ಪಕ್ಕೆಯೇ ಬೆನ್ನಿಗೆ ಗುದ್ದು ಕೊಡುವುದು, ಮತ್ತು ಹಾಳಾದರೆ ಗುಂಡ್ಲುಪೇಟೆಯ ಪಂಕ್ಚರ್ ಅಂಗಡಿಯಲ್ಲಿ ಅದರ ಜೋಡಿ ಸಿಕ್ಕುವುದಿಲ್ಲ. ಬೇರೆ ಕೆಲವರು ತೆಳ್ಳಗಿನ ತಾತ್ಕಾಲಿಕ ಚಕ್ರವೊಂದನ್ನು ಡಿಕ್ಕಿಯ ತಳದಲ್ಲಿಡುತ್ತಾರೆ. ನೀಲಿ ಕಾರು ಮೊದಲನೆಯ ಜಾತಿ, ಉಳಿದೆರಡು ಎರಡನೆಯ ಜಾತಿ. ದುರಸ್ತಿಯ ಮಾತು ಮೂರಕ್ಕೂ ಒಂದೇ: ಹತ್ತಿರವೆಂದರೆ ಮೈಸೂರು, ಇಲ್ಲವಾದರೆ ಇನ್ನೂರು ಕಿಲೋಮೀಟರ್ ದೂರದ ಬೆಂಗಳೂರು.

ಗುಂಡ್ಲುಪೇಟೆಯಿಂದ ಚಾಮರಾಜನಗರದ ದಾರಿಗೆ ಪ್ರವಾಸಿಗಳು ಬರುವುದು ಅಪರೂಪ. ತೆರಕಣಾಂಬಿ ಒಂದು ಕಾಲಕ್ಕೆ ಕೋಟೆ ಕೊತ್ತಲಗಳ ದೊಡ್ಡ ಊರು. ಈಗ ತರಕಾರಿಯ ಮಾರುಕಟ್ಟೆಯಿಂದ ಹೆಸರು. ಮುಂದೆ ಕರಿಕಲ್ಲಿನ ಗಣಿಗಳ ಸೀಮೆ. ಇಲ್ಲಿಯ ಕಪ್ಪು ಶಿಲೆ ಹೊರದೇಶಗಳಿಗೆ ಹೋಗುತ್ತದೆ. ರಸ್ತೆಯ ಪಾಲಿಗೆ ಉಳಿಯುವುದು ಅದನ್ನು ಹೊತ್ತ ಲಾರಿಗಳ ಗುರುತು. ಈ ಭಾಗದಲ್ಲಿ ಬಿಳಿ ಕಾರಿಗೆ ಸಮನಾದುದು ಇನ್ನೊಂದಿಲ್ಲವೆಂದು ಒಪ್ಪಲೇಬೇಕು. ಹಳ್ಳ ತಿಟ್ಟುಗಳ ಮೇಲೆ ಅದು ದೋಣಿಯಂತೆ ತೇಲಿತು. ಅತ್ತೆಯವರು ನಿದ್ದೆ ಹೋದರು. ನೀಲಿಯದರಲ್ಲಿ ಇದೇ ದಾರಿಯ ಮೇಲೆ ನಿದ್ದೆ ಹೋಗಲು ಸಾಧ್ಯವಿರಲಿಲ್ಲ. ಆದರೆ ಭಾವನ ಮುಖವನ್ನು ನೋಡಬೇಕಾಗಿತ್ತು. ನಲವತ್ತು ವರ್ಷ ಟ್ರಾಕ್ಟರು ಓಡಿಸಿದ ಮನುಷ್ಯ. ಒಂದು ನೇರವಾದ ಖಾಲಿ ರಸ್ತೆಯಲ್ಲಿ ಕಾಲನ್ನು ಸ್ವಲ್ಪ ಅದುಮಿದ. ಕಾರು ಹುಲ್ಲಿನಿಂದೆದ್ದ ಜಿಂಕೆಯಂತೆ ಚಿಮ್ಮಿತು. ಅವನು ಮಾತಾಡಲಿಲ್ಲ. ಮುಂದಿನ ಊರು ಬರುವವರೆಗೂ ತುಟಿಯ ಕೊನೆಯಲ್ಲಿ ಒಂದು ನಗೆ ಉಳಿದಿತ್ತು.

ಚಾಮರಾಜನಗರ ಮೊದಲಿಗೆ ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು, ತಮ್ಮ ತಂದೆ ಹುಟ್ಟಿದ ಊರೆಂದು 1818ರಲ್ಲಿ ಅದಕ್ಕೆ ಅವರ ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರನ ದೇವಾಲಯವನ್ನು ಕಟ್ಟಿಸಿದರು. ದೊಡ್ಡ ಕಾರುಗಳಿಗೂ ಈ ಊರಿಗೂ ಒಂದು ವಿಚಿತ್ರ ಸಂಬಂಧವುಂಟು. ಇಲ್ಲಿಗೆ ಬಂದ ಮುಖ್ಯಮಂತ್ರಿ ಪದವಿ ಕಳೆದುಕೊಳ್ಳುತ್ತಾನೆಂಬ ನಂಬಿಕೆ ಬಹುಕಾಲ ಇತ್ತು. 1997ರಲ್ಲಿ ಜಿಲ್ಲೆಯಾದಾಗ ಉದ್ಘಾಟನೆ ನಡೆದದ್ದು ಸಹ ಇಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದು ಹೋಗಿ, ಐದು ವರ್ಷದ ಅವಧಿಯನ್ನು ಪೂರ್ಣವಾಗಿ ಮುಗಿಸಿದ ಮೇಲೆ ಆ ಮಾತಿನ ಬಲ ಕುಗ್ಗಿತು. ಸರ್ಕಾರದ ಕಾರುಗಳು ದೂರವಿದ್ದ ವರ್ಷಗಳಲ್ಲಿ ಊರಿಗೆ ಏನೇನು ತಪ್ಪಿಹೋಯಿತೆಂಬುದನ್ನು ಊರಿನವರೇ ಹೇಳಬೇಕು.

ಅಲ್ಲಿಗೆ ತಪ್ಪದೆ ಬರುವ ದೊಡ್ಡ ವಾಹನ ಚಾಮರಾಜೇಶ್ವರನ ತೇರು. ಅದೂ ಆಷಾಢದಲ್ಲಿ, ಬೇರೆಲ್ಲಿಯೂ ಶುಭಕಾರ್ಯ ನಡೆಯದ ತಿಂಗಳಲ್ಲಿ. ಆಷಾಢಕ್ಕೆಂದು ತವರಿಗೆ ಹೋದ ಹೊಸ ಮದುವಣಗಿತ್ತಿಯರೂ ಅವರ ಗಂಡಂದಿರೂ ಈ ತೇರಿನ ನೆವದಲ್ಲಿ ಒಂದು ದಿನ ಕೂಡುತ್ತಾರೆ. ಹಣ್ಣು ಜವನ ಎಸೆದು ನಮಸ್ಕರಿಸುತ್ತಾರೆ. 2017ರಲ್ಲಿ ತೇರಿಗೆ ಬೆಂಕಿ ಬಿದ್ದು ಕೆಲವು ವರ್ಷ ಉತ್ಸವ ನಿಂತಿತ್ತು. 2022ರಲ್ಲಿ ಹೊಸ ತೇರು ಎಳೆದರು. ಅತ್ತೆಯವರ ಮದುವೆಯಾದ ವರ್ಷ ಅವರೂ ಮಾವನವರೂ ಭೇಟಿಯಾದದ್ದು ಇಲ್ಲಿಯೇ. ಈ ವಿಷಯ ಅವರು ಹೇಳಿದ್ದಲ್ಲ, ನನ್ನ ಹೆಂಡತಿ ಹೇಳಿದ್ದು.

ನಿಜವಾದ ಪರೀಕ್ಷೆ ನಡೆದದ್ದು ಆ ದೇವಾಲಯದ ಮುಂದೆ. ಬಿಳಿ ಕಾರಿನಿಂದ ಅವರನ್ನು ಎಬ್ಬಿಸಲು ಇಬ್ಬರು ಬೇಕಾಯಿತು. ನೀಲಿಯದರ ಬಾಗಿಲು ಸಂದಿ ಕಿರಿದು. ತಲೆ ತಗ್ಗಿಸಿ, ಕಾಲು ಹೊರಗಿಟ್ಟು, ನನ್ನ ಹೆಂಡತಿಯ ತೋಳು ಹಿಡಿದು ಎದ್ದು, ಒಂದು ನಿಮಿಷ ಸೊಂಟ ಹಿಡಿದುಕೊಂಡು ನಿಂತರು. ಬೂದು ಕಾರು ನಿಂತಾಗ ನಾವಿನ್ನೂ ಈಚೆಯ ಬಾಗಿಲಿನಿಂದ ಇಳಿಯುತ್ತಿದ್ದೆವು. ತಿರುಗಿ ನೋಡುವ ಹೊತ್ತಿಗೆ ಅತ್ತೆಯವರು ಬಾಗಿಲಿನ ಅಂಚಿಗೆ ಕೈಯೂರಿ ತಾವೇ ಎದ್ದು, ಸೆರಗು ಸರಿಪಡಿಸಿಕೊಂಡು, ಹೂವಿನವಳೊಡನೆ ಮೊಳದ ಬೆಲೆ ಚೌಕಾಸಿ ಮಾಡುತ್ತಿದ್ದರು. ಆ ಕಾರಿನ ಆಸನ ಉಳಿದವಕ್ಕಿಂತ ಎತ್ತರವಿದ್ದದ್ದು ನಾಲ್ಕು ಬೆರಳಿನಷ್ಟು ಇರಬಹುದು.

ಇಷ್ಟಾದ ಮೇಲೆ ತೀರ್ಮಾನ ಸುಲಭವೆಂದು ಯಾರಿಗಾದರೂ ತೋರೀತು. ಭಾವ ಎರಡು ದಿನ ಏನೂ ಹೇಳಲಿಲ್ಲ. ಬೂದು ಕಾರಿನ ಡಿಕ್ಕಿ ಚಿಕ್ಕದು, ಗೊನೆಯನ್ನು ಮುರಿದು ಚಿಪ್ಪು ಚಿಪ್ಪಾಗಿ ಇಡಬೇಕಾಯಿತು ಎಂದ. ಓಡಿಸುವಾಗ ಚಾಲಕನಿಗೆ ಕೆಲಸವೇ ಇಲ್ಲದಂತೆ ಸಪ್ಪೆ ಎಂದ. ಎರಡೂ ನಿಜವೇ. ಮೂರನೆಯ ದಿನ ರಾತ್ರಿ ಊಟದ ಹೊತ್ತಿನಲ್ಲಿ ಅತ್ತೆಯವರು, "ನಿನಗೆ ನೀಲೀದೇ ಇಷ್ಟ ಅಲ್ವಾ? ಅದನ್ನೇ ತಗೋ. ಓಡಿಸೋನು ನೀನು. ನನಗೆಷ್ಟು ದಿನ" ಎಂದರು. ಭಾವ ತಲೆಯೆತ್ತದೆ ಮಜ್ಜಿಗೆ ಕಲಸಿಕೊಂಡ.

ಮರುದಿನ ನೀಲಿ ಕಾರನ್ನು ಇನ್ನೊಂದು ಸಲ ತರಿಸಿದ. ಅತ್ತೆಯವರ ಹತ್ತಿಯ ಗಟ್ಟಿ ದಿಂಬೊಂದನ್ನು ಹಿಂದಿನ ಆಸನಕ್ಕಿಟ್ಟು ಎತ್ತರ ಮಾಡಿ ನೋಡಬೇಕೆಂಬುದು ಅವನ ಯೋಚನೆ. ಚರ್ಮದ ಆಸನದ ಮೇಲೆ ದಿಂಬು ಜಾರಿತು. ಕೆಳಗೆ ಟವಲು ಹಾಸಿದರು. ಜಾರುವುದು ನಿಂತಿತು, ಆದರೆ ತಗ್ಗಿದ ಚಾವಣಿ ತಲೆಗೆ ತಾಗಿತು, ಬೆಲ್ಟು ಕತ್ತಿನ ಮೇಲೆ ಬಂದಿತು. ದಿಂಬನ್ನು ಕತ್ತರಿಸಿ ತೆಳುಮಾಡಬಹುದೆಂದು ಮಾರಾಟದ ತರುಣ ಸಲಹೆ ಕೊಟ್ಟ. ಪಾಪ, ಅವನಿಗೂ ಆಷಾಢ. ಅತ್ತೆಯವರು ದಿಂಬಿನ ಮೇಲೆ ಕುಳಿತು, ಚೆನ್ನಾಗಿದೆ ಚೆನ್ನಾಗಿದೆ ಎನ್ನುತ್ತಲೇ ಇದ್ದರು. ಭಾವ ಅಂಗಳದಲ್ಲಿ ಕಾರಿನ ಸುತ್ತ ಒಂದು ಸುತ್ತು ಬಂದ. ಚಾಲಕನ ಬಾಗಿಲನ್ನು ತೆಗೆದು ಒಂದು ನಿಮಿಷ ಒಳಗೆ ಕುಳಿತ. ಆಮೇಲೆ ಇಳಿದು, ಬಾಗಿಲನ್ನು ಮೆಲ್ಲಗೆ ಹಾಕಿ, ಆ ತರುಣನಿಗೆ ಊಟಮಾಡಿಕೊಂಡು ಹೋಗುವಂತೆ ಹೇಳಿದ.

ಬೂದು ಕಾರಿಗೆ ಮುಂಗಡ ಕೊಟ್ಟದ್ದು ಆಷಾಢದಲ್ಲೇ. ಮನೆಗೆ ತರುವುದು ಶ್ರಾವಣದ ಮೊದಲ ಸೋಮವಾರವೆಂದು ಗೊತ್ತಾಯಿತು. ಆಷಾಢದ ರಿಯಾಯಿತಿಯೆಂದು ನೆಲದ ಹಾಸು, ಒಂದು ವರ್ಷದ ವಿಮೆ ಇತ್ಯಾದಿ ಸೇರಿತು. ಭಾವನ ಹೆಂಡತಿ ಇನ್ನಷ್ಟು ಇಳಿಸಿದಳು. ನೋಂದಣಿ ಯಾರ ಹೆಸರಿಗೆ ಎಂದು ಕೇಳಿದಾಗ ಭಾವ ಅಮ್ಮನ ಕಡೆಗೆ ಕೈ ತೋರಿಸಿದ. ಅತ್ತೆಯವರು ಆಧಾರ್ ಚೀಟಿ ತರಲು ಒಳಗೆ ಹೋದರು.

"ಹಾಗಾದರೆ ಬಾಳೆಗೊನೆ ಯಾವುದರಲ್ಲಿ ಹೋಗಬೇಕು?" ಎಂದು ಭಾವನ ಹೆಂಡತಿ ಕೇಳಿದಳು.

"ಅದಕ್ಕೆ ಜೀಪಿದೆಯಲ್ಲ" ಎಂದು ಒಳಗಿನಿಂದ ಅತ್ತೆಯವರ ದನಿ ಬಂದಿತು. "ಸ್ಟೂಲು ಹಾಕಿ ಹತ್ತಿಸ್ರಿ."